ಶೇಂಗಾ ಎಣ್ಣೆಯ ದುಶ್ಶಾಸನ

ಶಿವಗಂಗವ್ವ ಕ್ರೂರಿ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಕಬ್ಬೂರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅವಳ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದ ಲಗಮಣ್ಣನನ್ನು ಕೇಳಿದರೆ ಮೊದಲು ಅತ್ತಿತ್ತ ನೋಡಿ, ದನಿ ತಗ್ಗಿಸಿ, ಆಮೇಲೆ ಇದನ್ನೇ ಹೇಳುತ್ತಿದ್ದ. ಕಬ್ಬು ಕದ್ದು ಓಡುತ್ತಿದ್ದ ಒಬ್ಬನ ಹೆಗಲೆಲುಬನ್ನು ಅವಳು ಬೆಲ್ಲ ತಿರುವುವ ಹುಟ್ಟಿನಿಂದ ಮುರಿದಿದ್ದಳು. ತಪ್ಪು ಮಾಡಿದವರನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿದ್ದಳು. ಬೈದರೆ ಉಸಿರು ದಂಡ ಎನ್ನುತ್ತಿದ್ದಳು. ಕೊಟ್ಟ ಏಟಿಗೆ ಮರುಗಿದವಳಲ್ಲ, ತಿಂದ ಏಟನ್ನು ಮರೆತವಳಲ್ಲ. ಇಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ ಎಣ್ಣೆಬಣ್ಣದ ಚಿತ್ರ ಬರೆಯುವುದನ್ನು ಕಲಿತಳು. ಕಲೆ ಮನುಷ್ಯರನ್ನು ಮೆತ್ತಗಾಗಿಸುತ್ತದೆ ಎಂದು ನಂಬಿದವರಿಗೆ ಅವಳ ಕಥೆಯಿಂದ ಹೆಚ್ಚೇನೂ ಸಮಾಧಾನ ಸಿಗಲಾರದು.

ಕಲಿಸಿದವನು ನಿಪ್ಪಾಣಿಯ ಪೇಂಟರ್ ದಾದಾಸಾಹೇಬ. ಮೂವತ್ತು ವರ್ಷ ಅಂಗಡಿಗಳ ಬೋರ್ಡು, ತಂಬಾಕಿನ ವಖಾರಗಳ ಗೋಡೆ, ಟ್ರೇಲರುಗಳ ಹಿಂದಿನ ಹುಲಿ ಬರೆದು ಬದುಕಿದವನು. ಹರೆಯದಲ್ಲಿ ಕೊಲ್ಹಾಪುರದ ಒಬ್ಬ ಮಾಸ್ತರರ ಕೈಕೆಳಗೆ ಎರಡು ವರ್ಷ ಎಣ್ಣೆಬಣ್ಣವನ್ನು ಸರಿಯಾಗಿ ಕಲಿತಿದ್ದ. ಅದರಿಂದ ಹೊಟ್ಟೆ ತುಂಬಲಿಲ್ಲವೆಂದು ಬೋರ್ಡಿಗೆ ಇಳಿದಿದ್ದ. ಆಮೇಲೆ ಫ್ಲೆಕ್ಸ್ ಬಂತು. ಅವನು ಒಂದು ವಾರ ಕೂತು ಬರೆಯುತ್ತಿದ್ದದ್ದನ್ನು ಯಂತ್ರ ಕಾಲು ಗಂಟೆಯಲ್ಲಿ ಉಗುಳತೊಡಗಿತು. 2008ರ ಬೇಸಿಗೆಯಲ್ಲಿ ಅವನ ಕೈಯಲ್ಲಿ ಉಳಿದಿದ್ದ ಕೆಲಸವೆಂದರೆ ಟ್ರ್ಯಾಕ್ಟರುಗಳ ಡೊಂಕು ತಗಡು ಒಂದೇ. ಅದಕ್ಕೆ ಫ್ಲೆಕ್ಸ್ ಅಂಟುವುದಿಲ್ಲ. ಹಾಗೆ ಶಿವಗಂಗವ್ವನ ಟ್ರ್ಯಾಕ್ಟರಿಗೆ ಹೆಸರು ಬರೆಯಲು ಕಬ್ಬೂರಿಗೆ ಬಂದ.

ಅವನು ಬರೆಯುವುದನ್ನು ಅವಳು ಸೊಂಟಕ್ಕೆ ಕೈಯಿಟ್ಟು ಒಂದು ತಾಸು ನೋಡಿದಳು.

"ಪೇಂಟರ, ರಕ್ತ ಬರೀಲಿಕ್ಕೆ ಬರ್ತೈತೇನ?"

"ಏನಂದ್ರಿ ಅಕ್ಕಾರ?"

"ರಕ್ತ. ಮನಷ್ಯಾರ್ದು."

"ಬರ್ತೈತ್ರಿ. ಯಾರ ರಕ್ತ?"

"ದುಶ್ಶಾಸನಂದು. ಭೀಮ ಎದಿ ಸೀಳೂದು. ಆದ್ರ ನೀ ಬರಿಯೂದಲ್ಲ. ನನಗ ಕಲಿಸು, ನಾ ಬರೀತೇನಿ."

ದಾದಾಸಾಹೇಬ ನಕ್ಕ. ಅವಳು ನಗಲಿಲ್ಲ. ಊರ ಹೊರಗೆ ಕಟ್ಟಿಸುತ್ತಿದ್ದ ಹೊಸ ಮನೆಯನ್ನು ತೋರಿಸಿದಳು. ತಳಪಾಯ ಎದ್ದಿತ್ತು, ಇನ್ನೆರಡು ವರ್ಷಕ್ಕೆ ವಾಸ್ತುಶಾಂತಿ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾದ ಗೋಡೆಯ ಮೇಲೆ, ಆಳೆತ್ತರದ ಚಿತ್ರ ಬೇಕು. ಚಿಕ್ಕವಳಿದ್ದಾಗ ದೊಡ್ಡಾಟದಲ್ಲಿ ಅದನ್ನು ನೋಡಿದ್ದಳು. ದುಶ್ಶಾಸನನ ಅಂಗಿಯೊಳಗೆ ಕುಂಕುಮದ ನೀರಿನ ಚೀಲವಿತ್ತು, ಭೀಮ ಹಲ್ಲು ಕಚ್ಚಿ ಹರಿದಾಗ ಮುಂದಿನ ಸಾಲಿನವರ ಮೇಲೆಲ್ಲ ಸಿಡಿದಿತ್ತು.

"ನನ್ನ ಲಂಗದ ಮ್ಯಾಲೂ ಬಿದ್ದಿತ್ತು," ಎಂದಳು. "ನಮ್ಮವ್ವ ತೊಳೆದ್ಲು. ನಾ ತೊಳಿಬ್ಯಾಡ ಅಂದಿದ್ದೆ."

ಚಿತ್ರ ಏಕೆ ಬೇಕೆಂಬುದನ್ನು ಅವಳು ಹೇಳಲಿಲ್ಲ. ಅದನ್ನು ಹೇಳಿದವನು ಲಗಮಣ್ಣ, ಚಹಾ ಕುಡಿಯುತ್ತ.

1989ರಲ್ಲಿ ಶಿವಗಂಗವ್ವನ ಗಂಡ ಸತ್ತ. ಹದಿನಾರನೆಯ ದಿನ ಗಂಡನ ಅಣ್ಣ ಭೀಮಸಿ ಅವಳ ಮನೆಯ ಬಾಗಿಲಿಗೆ ಬಂದು, ಹೊಲ ತನ್ನದು, ತವರಿಗೆ ಹೋಗು ಎಂದ. ಅವಳು ಆಗಷ್ಟೇ ಹೊಲದಿಂದ ಬಂದಿದ್ದಳು. ಹೋಗುವುದಿಲ್ಲ ಎಂದಳು. ಅವನು ಅವಳ ಕೂದಲು ಹಿಡಿದು ಹೊಸ್ತಿಲಿನಿಂದ ಹನುಮಪ್ಪನ ಗುಡಿಯ ಕಟ್ಟೆಯವರೆಗೆ ಎಳೆದುಕೊಂಡು ಹೋದ. ಓಣಿ ತುಂಬ ಜನ ನಿಂತಿದ್ದರು. ಕಟ್ಟೆಯ ಹತ್ತಿರ ಅವಳ ಕೈಗೆ ಸೊಂಟದಲ್ಲಿದ್ದ ಕುಡಗೋಲು ಸಿಕ್ಕಿತು. ತಲೆಯ ಮೇಲಿದ್ದ ಕೈಯನ್ನು ಅಂದಾಜಿನಲ್ಲೇ ಕೊಯ್ದಳು. ಭೀಮಸಿಯ ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಧೂಳಿಗೆ ಬಿದ್ದವು.

"ಮರುದಿನ ಹಿರ್‍ಯಾರು ಕೂಡಿದ್ರು," ಎಂದ ಲಗಮಣ್ಣ. "ಬೆರಳ ಕಡದದ್ದು ತಪ್ಪಂತ ಎಲ್ಲಾರ ಮುಂದ ಭಾವನ ಕಾಲಿಗೆ ಬೀಳಿಸಿದ್ರು. ಬಿದ್ಲು. ಆದ್ರ ಹೊಲ ಬಿಡ್ಲಿಲ್ಲ. ಆವತ್ತಿಂದ ಬೆರಳಕಡಕಿ ಶಿವಗಂಗಿ ಅಂತ ಹೆಸರಾತು. ಹುಡುಗ್ರು ಉಣ್ಣದಿದ್ರ ಈಕೀ ಹೆಸರ ಹೇಳೂದ."

"ಕೂದಲ ಎಳದದ್ದಕ್ಕ ಹಿರ್‍ಯಾರು ಏನಂದ್ರು?"

ಲಗಮಣ್ಣ ಬಸಿಯಲ್ಲಿದ್ದ ಚಹಾ ಊದಿದ. "ಅದರ ಮಾತ ಬರ್ಲಿಲ್ಲ ನೋಡ್ರಿ."

ದಾದಾಸಾಹೇಬನಿಗೆ ಅರ್ಥವಾಯಿತು. ಭೀಮಸಿ ಅಂದಿನಿಂದ ಆ ಕೈಯನ್ನು ಹೆಗಲ ಮೇಲಿನ ಟಾವೆಲಿನಲ್ಲಿ ಸುತ್ತಿಕೊಂಡೇ ತಿರುಗುತ್ತಿದ್ದ. ಚಿತ್ರದ ದುಶ್ಶಾಸನನಿಗೂ ಬಲಗೈಯಲ್ಲಿ ಮೂರೇ ಬೆರಳು ಇರಬೇಕೆಂದು ಶಿವಗಂಗವ್ವ ಮೊದಲ ದಿನವೇ ಹೇಳಿದ್ದಳು.

ಪಾಠ ಶುರುವಾಯಿತು. ಸರೇಸಿನ ಅಂಟು ಬಳಿದ ಬಟ್ಟೆಯ ಮೇಲೆ ಚೌಕ ಹಾಕುವುದು, ಇದ್ದಿಲಿನಲ್ಲಿ ಗೆರೆ ಎಳೆಯುವುದು. ಅವಳು ಇದ್ದಿಲನ್ನು ಕುಡಗೋಲಿನಂತೆ ಹಿಡಿಯುತ್ತಿದ್ದಳು. ಗೆರೆ ತಪ್ಪಿದರೆ ತನ್ನದೇ ಬಲಗೈಯ ಮೇಲೆ ಎಡಗೈಯಿಂದ ಅಳತೆಪಟ್ಟಿ ಬೀಸುತ್ತಿದ್ದಳು. ಮೊದಲ ತಿಂಗಳು ಅವಳ ಮಣಿಕಟ್ಟು ಊದಿಕೊಂಡೇ ಇತ್ತು. ಹೀಗೆ ಕಲಿಯುವವರನ್ನು ದಾದಾಸಾಹೇಬ ಕಂಡಿರಲಿಲ್ಲ. ಹೊಡೆದುಕೊಳ್ಳಬೇಡಿ ಎಂದು ಹೇಳುವ ಧೈರ್ಯವೂ ಅವನಿಗಿರಲಿಲ್ಲ.

ದುಶ್ಶಾಸನ ಬೀಳುವ ಭಂಗಿ ಅವಳಿಗೆ ಕಣ್ಣಾರೆ ಬೇಕಿತ್ತು. ಲಗಮಣ್ಣನನ್ನು ಅಂಗಳದಲ್ಲಿ ಅಂಗಾತ ಮಲಗಿಸಿದಳು. ಭೀಮನಾಗಲು ಎಣ್ಣೆಗಾಣದ ಜಿನ್ನಪ್ಪನನ್ನು ಕರೆಸಿದಳು. ಊರಿನಲ್ಲಿ ಅವನಷ್ಟು ದಪ್ಪ ತೋಳು ಇನ್ನೊಬ್ಬರದಿರಲಿಲ್ಲ. ಆದರೆ ಜಿನ್ನಪ್ಪ ಜೈನ. ಹೊತ್ತು ಮುಳುಗುವ ಮೊದಲೇ ಉಣ್ಣುವವನು, ಗಾಣದ ಮೇಲೆ ಇರುವೆ ಕಂಡರೆ ಊದಿ ಪಕ್ಕಕ್ಕೆ ಸರಿಸುವವನು.

"ಹಿಡದ ಜಗ್ಗೋ ಜಿನ್ನಪ್ಪ! ಎದಿ ಸೀಳಾಕತ್ತೀಯ, ಹಿಟ್ಟ ನಾದಾಕತ್ತಿಲ್ಲ!"

"ಬರೇ ಅಂದ್ರೂ ಪಾಪ ಹತ್ತತೈತಿ ಬೇ ಶಿವಗಂಗಕ್ಕ."

"ಲಗೂ ಸೀಳ್ರಿ ಸಾವಕಾರ್ರ," ಎಂದ ಕೆಳಗಿನಿಂದ ಲಗಮಣ್ಣ. "ಪಾಪಕ್ಕಿಂತ ನಿಮ್ಮ ಭಾರ ಜಾಸ್ತಿ ಆಗೇತಿ, ಉಸರ ಬರವಲ್ದು."

ದ್ರೌಪದಿಯ ಜಾಗದಲ್ಲಿ ಶಿವಗಂಗವ್ವ ತಾನೇ ನಿಂತಳು. ಕೆಳಗೆ ಮಲಗಿದವನನ್ನು ಅವಳು ನೋಡಿದ ರೀತಿಗೆ ಲಗಮಣ್ಣನ ನಗು ನಿಂತಿತು. ಅವನು ಕಣ್ಣು ಮುಚ್ಚಿಕೊಂಡ. ಅವಳು ಅವನ ಬಲಗೈಯೆತ್ತಿ ತನ್ನ ಸೆರಗಿನ ತುದಿಯನ್ನು ಹಿಡಿಸಿ, "ಇದು ಕೂದಲ ಅಂತ ತಿಳಿ. ಬಿಡಬ್ಯಾಡ," ಎಂದಳು.

ದಾದಾಸಾಹೇಬ ಇದ್ದಿಲು ಕೆಳಗಿಟ್ಟ. "ಅಕ್ಕಾರ, ಕೂದಲಾ ಹಿಡದದ್ದು ಸಭಾದಾಗ. ಎದಿ ಸೀಳಿದ್ದು ಯುದ್ಧದಾಗ. ನಡುವ ಹದಿಮೂರ ವರ್ಷ ಹೋಗ್ಯಾವ. ಎರಡೂ ಒಂದ ಚಿತ್ರದಾಗ ಬರೂದಿಲ್ಲ."

"ನನಗ ಎರಡೂ ಒಂದ ದಿನಾ ಆಗ್ಯಾವ," ಎಂದಳು.

ಹಾಗೆಯೇ ಗೆರೆ ಬಿತ್ತು: ಭೀಮ ಎದೆ ಸೀಳುತ್ತಿದ್ದಾನೆ, ಸಾಯುತ್ತಿರುವ ದುಶ್ಶಾಸನನ ಮೂರು ಬೆರಳಿನ ಕೈ ದ್ರೌಪದಿಯ ಕೂದಲನ್ನು ಇನ್ನೂ ಬಿಟ್ಟಿಲ್ಲ.

ಮಳೆಗಾಲ ಮುಗಿದ ಮೇಲೆ ದಾದಾಸಾಹೇಬನಿಗೆ ಅಥಣಿಯಲ್ಲಿ ಒಂದು ಗುಡಿಯ ಛತ್ತಿಗೆ ಬಣ್ಣ ಹಾಕುವ ಕೆಲಸ ಸಿಕ್ಕಿತು. ಹೋಗುವಾಗ ಪುಡಿಬಣ್ಣದ ಪೊಟ್ಟಣಗಳನ್ನು ಬಿಟ್ಟು ಹೋದ. ಕಲ್ಲಿನ ಮೇಲೆ ಎಣ್ಣೆ ಹಾಕಿ ಅರೆಯಬೇಕು, ಮೊದಲ ಪದರ ತೆಳ್ಳಗಿರಬೇಕು, ಅದು ಒಣಗಿದ ಮೇಲೆ ಎಣ್ಣೆ ಜಾಸ್ತಿ ಮಾಡಿ ಎರಡನೆಯದು ಎಂದು ಮೂರು ಸಲ ಹೇಳಿದ. ಎಣ್ಣೆ ಗಾಣದ್ದಿರಲಿ, ಕಲಬೆರಕೆ ಬೇಡ ಎಂದೂ ಹೇಳಿದ. ಯಾವ ಎಣ್ಣೆ ಎಂದು ಮಾತ್ರ ಹೇಳಲಿಲ್ಲ. ಚಿತ್ರಕ್ಕೆ ಅಗಸಿ ಎಣ್ಣೆ ಬಿಟ್ಟರೆ ಇನ್ನೊಂದಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಶಿವಗಂಗವ್ವನ ಮನೆಯಲ್ಲಿ ಅಗಸಿ ಎಣ್ಣೆ ಇತ್ತು. ಅದನ್ನು ಎತ್ತಿನ ಗಾಡಿಯ ನೊಗಕ್ಕೂ ಬಾಗಿಲ ಚೌಕಟ್ಟಿಗೂ ತಿಕ್ಕುತ್ತಿದ್ದರು. ಭೀಮ, ದ್ರೌಪದಿಯರಿಗೆ ನೊಗದ ಎಣ್ಣೆ ಹಚ್ಚುವುದೇ? ಅವಳು ತನ್ನ ಹೊಲದ ಶೇಂಗಾ ಆರಿಸಿ, ಜಿನ್ನಪ್ಪನ ಗಾಣದಲ್ಲಿ ಮೊದಲ ಹಿಂಡಿನ ಎಣ್ಣೆ ತೆಗೆಸಿ, ಅದರಲ್ಲಿ ಬಣ್ಣ ಅರೆದಳು. ಮೂರು ವಾರ ಒಬ್ಬಳೇ ಕೂತು ಬರೆದಳು.

ದಾದಾಸಾಹೇಬ ಮರಳಿ ಬಂದಾಗ ಮನೆಯ ಬಾಗಿಲಲ್ಲೇ ಬಜಿ ಕರಿದ ವಾಸನೆ ಬಂತು. ಒಳಗೆ ಚಿತ್ರ ಹೊಳೆಯುತ್ತ ನಿಂತಿತ್ತು. ಭೀಮನ ಮೊಣಕಾಲು ಸರಿಯಿರಲಿಲ್ಲ, ದುಶ್ಶಾಸನನ ಮುಖ ಹಲ್ಲುನೋವು ಬಂದ ಲಗಮಣ್ಣನಂತಿತ್ತು. ಆದರೆ ರಕ್ತ! ಎದೆಯಿಂದ ಹರಿದ ಕೆಂಪು ನಿಜವಾಗಿಯೇ ಕೆಳಗಿಳಿಯುತ್ತಿತ್ತು. ಚೌಕಟ್ಟಿನ ಕೆಳಗಂಚಿನಲ್ಲಿ ತೊಟ್ಟುಗಟ್ಟಿ ನೆಲಕ್ಕೆ ಬಿದ್ದಿತ್ತು. ಇರುವೆಗಳು ಸಾಲುಗಟ್ಟಿ ಭೀಮನ ಗದೆಯನ್ನು ಹತ್ತುತ್ತಿದ್ದವು.

ಅವನು ಬೆರಳು ಮುಟ್ಟಿಸಿ ಮೂಸಿ ನೋಡಿದ. "ಅಕ್ಕಾರ, ಇದು ಶೇಂಗಾ."

"ಮೊದಲ ಹಿಂಡಿಂದು. ಊರಾಗ ಇಂಥಾ ಎಣ್ಣಿ ಯಾರ ಮನ್ಯಾಗೂ ಇಲ್ಲ."

"ಇದು ಸಾಯೂತನಕ ಒಣಗೂದಿಲ್ರಿ."

"ಒಣಗತೈತಿ."

"ನೀವ ಬಜಿ ಕರೀತೀರಲ್ಲ, ಆ ಬೋಗೋಣಿ ಎಂದಾದ್ರೂ ಒಣಗೇತೇನ್ರಿ?"

ಅವಳು ಕೈಯಲ್ಲಿದ್ದ ಅರೆಯುವ ಕಲ್ಲನ್ನು ಅವನತ್ತ ಬೀಸಿ ಒಗೆದಳು. ಅವನು ಬಗ್ಗದಿದ್ದರೆ ಈ ಕಥೆ ಹೇಳಲು ಉಳಿಯುತ್ತಿರಲಿಲ್ಲ. ಕಲ್ಲು ಗೋಡೆಯಲ್ಲಿ ಮುಷ್ಟಿಯಗಲ ಗುಂಡಿ ಮಾಡಿತು. ಕೊನೆಗೆ ಒಣಗುತ್ತದೋ ಇಲ್ಲವೋ ನೋಡೋಣ ಎಂದು ಚಿತ್ರವನ್ನು ಬಿಸಿಲಿಗಿಟ್ಟಳು. ಎರಡು ತಿಂಗಳು ಕಳೆಯಿತು. ದುಶ್ಶಾಸನ ಹಸಿಹಸಿಯಾಗಿಯೇ ಇದ್ದ.

ಅಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಮೂರು ಬೆರಳಿನ ದುಶ್ಶಾಸನ ಎಂಬ ಮಾತು ಭೀಮಸಿಯ ಕಿವಿ ತಲುಪಲು ಅಷ್ಟು ದಿನ ಹಿಡಿದದ್ದೇ ಹೆಚ್ಚು. ಒಂದು ಮಧ್ಯಾಹ್ನ ಅವನು ಎಡಗೈಯಲ್ಲಿ ಕೊಡಲಿ ಹಿಡಿದು ನೇರವಾಗಿ ಒಳಗೆ ಬಂದ. ಎಪ್ಪತ್ತು ಸಮೀಪಿಸಿದ, ಇನ್ನೂ ಗಟ್ಟಿಯಾಗಿದ್ದ ಮನುಷ್ಯ. ಲಗಮಣ್ಣ ಅಡ್ಡ ನಿಂತ, ಭುಜ ತಾಗಿ ಪಕ್ಕಕ್ಕೆ ಬಿದ್ದ. ದಾದಾಸಾಹೇಬ ಗೋಡೆಗೆ ಬೆನ್ನು ಹಚ್ಚಿದ. ಶಿವಗಂಗವ್ವ ಕೂತಲ್ಲಿಂದ ಏಳಲಿಲ್ಲ.

"ಯಾರದಲೇ ಇದು?" ಎಂದು ಕೂಗಿದ ಭೀಮಸಿ.

"ಓದಾಕ ಬರೂದಿಲ್ಲಂತ ಗೊತ್ತಿತ್ತು," ಎಂದಳು ಅವಳು. "ಬೆರಳ ಎಣಸಾಕೂ ಬರೂದಿಲ್ಲೇನ ಭಾವ?"

ಅವನು ಕೊಡಲಿ ಎತ್ತಿದ. ಎಡಗೈಗೆ ಹಿಡಿತ ಸಾಲಲಿಲ್ಲ; ಕೊಡಲಿ ಚೌಕಟ್ಟಿಗೆ ಬಡಿದು ಜಾರಿತು. ಅವನು ಟಾವೆಲು ಕಿತ್ತೊಗೆದು ಬಲಗೈಯಿಂದಲೇ ಬಟ್ಟೆಯನ್ನು ಹರಿಯಲು ಹೋದ. ಅಂಗೈ ದುಶ್ಶಾಸನನ ಎದೆಗೆ ಬಿದ್ದು ಸರ್ರನೆ ಕೆಳಗೆ ಜಾರಿತು. ತೆಗೆದು ನೋಡಿಕೊಂಡರೆ ಮೂರು ಬೆರಳು, ಎರಡು ಮೊಂಡು, ಮಣಿಕಟ್ಟಿನವರೆಗೂ ಕೆಂಪು, ತೊಟ್ಟಿಕ್ಕುತ್ತಿದೆ.

ದಾದಾಸಾಹೇಬ ಆ ಮುಖವನ್ನು ಆಮೇಲೆ ಎಷ್ಟು ಸಲ ಬರೆಯಲು ನೋಡಿದರೂ ಬರಲಿಲ್ಲ. ಭೀಮಸಿ ಕೂಗಲಿಲ್ಲ. ಆ ಕೈಯನ್ನು ಎಡಗೈಯಲ್ಲಿ ಹಿಡಿದು, ರಕ್ತ ನಿಲ್ಲಿಸುವವನಂತೆ ಅದುಮಿಕೊಂಡ. ಹಾಗೆಯೇ ಓಣಿಗೆ ಇಳಿದ.

ಓಣಿಯ ಹೆಂಗಸರು ಕಂಡದ್ದು ಅಷ್ಟೇ: ಅದೇ ಓಣಿಯಲ್ಲಿ, ಅದೇ ಕೈ ಹಿಡಿದುಕೊಂಡು, ಅದೇ ಮನುಷ್ಯ.

"ಅಯ್ಯಯ್ಯ, ಮತ್ತ ಕಡದ್ಲು! ಉಳದದ್ದನ್ನೂ ಕಡದ್ಲು!"

ಕೂಗು ಹೊಲದವರೆಗೆ ಹೋಯಿತು. ಭೀಮಸಿಯ ಮಗ ವಿಶಾಲ ಬಡಿಗೆ ಹಿಡಿದು ಓಡಿ ಬಂದ. ಕೇಳುವ ಗೋಜಿಗೆ ಹೋಗಲಿಲ್ಲ. ಬಾಗಿಲಲ್ಲಿ ಮೊದಲು ಸಿಕ್ಕ ಲಗಮಣ್ಣನ ತಲೆಗೆ ಬಿಟ್ಟ. ಕಾಯಿ ಒಡೆದಂಥ ಸಪ್ಪಳ ಬಂತು. ಲಗಮಣ್ಣ ಹೊಸ್ತಿಲ ಮೇಲೆ ಕುಸಿದ. ಎರಡನೆಯ ಏಟು ದಾದಾಸಾಹೇಬನ ಎಡ ಮುಂಗೈಗೆ ಬಿತ್ತು, ಎಲುಬು ಮುರಿಯಿತು. ಮೂರನೆಯದನ್ನು ಎತ್ತುವಷ್ಟರಲ್ಲಿ ಶಿವಗಂಗವ್ವ ಚಿತ್ರ ನಿಲ್ಲಿಸುವ ಮರದ ಕಾಲನ್ನು ಕಿತ್ತು ವಿಶಾಲನ ಮೊಣಕಾಲಿಗೆ ಬಾರಿಸಿದ್ದಳು. ಬಿದ್ದವನ ಮೇಲೆ ಇನ್ನೆರಡು ಹಾಕಿದಳು. ಅವನ ಬಾಯಿಂದ ಒಂದು ಹಲ್ಲು ಹಾರಿತು. ನಾಲ್ಕನೆಯದಕ್ಕೆ ಕೈಯೆತ್ತಿದಾಗ ಓಣಿಯಿಂದ ಭೀಮಸಿಯ ದನಿ ಕೇಳಿತು:

"ಬಿಡಲೇ ವಿಶಾಲ್ಯಾ! ಬಣ್ಣ ಅದು! ಬಣ್ಣ! ನನಗೇನೂ ಆಗಿಲ್ಲ!"

ಅಷ್ಟಕ್ಕೆ ಎಲ್ಲವೂ ನಿಂತಿತು. ಯಾರೋ ನಕ್ಕರು. ಅಂಥ ಹೊತ್ತಿನಲ್ಲಿ ನಗುವವರು ಎಲ್ಲ ಓಣಿಯಲ್ಲೂ ಇರುತ್ತಾರೆ.

ಶಿವಗಂಗವ್ವ ಲಗಮಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಪಂಚೆಯನ್ನು ಗಾಯಕ್ಕೆ ಒತ್ತಿ ಹಿಡಿದಳು. ಚಿಕ್ಕೋಡಿಯ ಆಸ್ಪತ್ರೆಗೆ ಹೋಗಲು ಗಾಡಿ ಬರುವವರೆಗೆ ಅರ್ಧ ತಾಸು. ಮುರಿದ ಕೈಯನ್ನು ಎದೆಗವಚಿಕೊಂಡು ಕೂತಿದ್ದ ದಾದಾಸಾಹೇಬ ಅವಳನ್ನು ನೋಡುತ್ತಿದ್ದ. ಅವಳು ಲಗಮಣ್ಣನ ಮುಖ ನೋಡುತ್ತಿರಲಿಲ್ಲ. ಪಂಚೆಯನ್ನು ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ, ಅಂಚಿನಿಂದ ನಡುವಿನವರೆಗೆ.

"ಪೇಂಟರ," ಎಂದಳು. "ನಾವು ತಪ್ಪ ಬರದೇವಿ. ಕೆಂಪ ಇರೂದು ಸ್ವಲ್ಪ ಹೊತ್ತ ಅಷ್ಟ. ಅಂಚಿನ್ಯಾಗ ಆಗಲೇ ಬೆಲ್ಲದ ಬಣ್ಣ ಬಂತ ನೋಡು."

ಅವಳ ತೊಡೆಯ ಮೇಲೆ ಲಗಮಣ್ಣ ನರಳಿದ. ಅವನಿಗೆ ಏಳು ಹೊಲಿಗೆ ಬಿದ್ದವು.

ದಾದಾಸಾಹೇಬ ಇನ್ನು ಈ ಊರಿಗೆ ಕಾಲಿಡುವುದಿಲ್ಲ ಎಂದುಕೊಂಡು ನಿಪ್ಪಾಣಿಗೆ ಹೋದ. ಒಂದೂವರೆ ತಿಂಗಳಿಗೆ ಕೈ ಕೂಡಿತು. ಅಂಗಡಿಯ ಮುಂದೆ ಕೂತರೆ ಎದುರಿನ ಫ್ಲೆಕ್ಸ್ ಯಂತ್ರದ ಗುರ್ ಸಪ್ಪಳ. ಬೆಲ್ಲದ ಬಣ್ಣವೆಂಬ ಮಾತು ಅವನ ತಲೆಯಿಂದ ಹೋಗಲಿಲ್ಲ. ಮೂವತ್ತು ವರ್ಷ ಅವನು ರಕ್ತಕ್ಕೆ ಡಬ್ಬಿಯ ಕೆಂಪನ್ನೇ ಬಳಿದಿದ್ದ. ಒಂದು ದಿನ ಕೊಲ್ಹಾಪುರದ ಬಸ್ಸು ಹಿಡಿದು, ಕೊಗನೊಳ್ಳಿಯ ಗಡಿ ದಾಟಿ ಹೋಗಿ, ಕಂದು ಮತ್ತು ಹಸಿರು ಪುಡಿಗಳನ್ನು ತಂದ. ಮರುದಿನ ಕಬ್ಬೂರಿನಲ್ಲಿದ್ದ.

ಅವಳು ಹಳೆಯ ಚಿತ್ರದ ಬಣ್ಣವನ್ನೆಲ್ಲ ಕುಡಗೋಲಿನಿಂದ ಹೆರೆದು ತೆಗೆದಿದ್ದಳು. ಭೀಮಸಿಯ ಕೈ ಬಿದ್ದಿದ್ದ ಜಾಗವೂ ಹೋಗಿತ್ತು. ಅಟ್ಟದ ಅಂಚಿನಲ್ಲಿ, ಬಿಸಿಲು ಬೀಳುವಲ್ಲಿ, ಉಪ್ಪುನೀರಿನಲ್ಲಿ ತೊಳೆದ ಅಗಸಿ ಎಣ್ಣೆಯ ಆರು ಬಾಟಲಿ ಸಾಲಾಗಿ ನಿಂತಿದ್ದವು. ಹೀಗೆ ಮಾಡಬೇಕೆಂದು, ಶೇಂಗಾ ಎಣ್ಣೆಯ ಚಿತ್ರ ಬಿಸಿಲಲ್ಲಿದ್ದಾಗ, ಅವನು ಒಮ್ಮೆ ಹೇಳಿದ್ದ.

ಎರಡನೆಯ ಚಿತ್ರಕ್ಕೆ ಒಂದು ವರ್ಷ ಹಿಡಿಯಿತು. ಈ ಸಲ ಅವಳು ಅವಸರ ಮಾಡಲಿಲ್ಲ. ಮೊದಲು ಕಡುಬಣ್ಣ, ಆಮೇಲೆ ತಿಳಿಬಣ್ಣ ಹಚ್ಚುತ್ತ ಬಂದಳು. ಕೆಂಪು ಕಂದಿ ಕಾಣಲೆಂದು ರಕ್ತದ ಅಡಿಗೆ ಹಸಿರು ಬಳಿದಳು. ಭೀಮನ ಮೊಣಕಾಲು ಕೂತಿತು. ದುಶ್ಶಾಸನನ ಮುಖ ಮಾತ್ರ ಯಾರದೂ ಆಗಲಿಲ್ಲ. ಮುಖದ ಹೋಲಿಕೆ ಹಿಡಿಯುವ ಕೈ ಅವಳದಲ್ಲ. ಗುರುತಿಗೆ ಉಳಿದದ್ದು ಮೂರು ಬೆರಳು.

ಕೂದಲಿನ ಪಾಠ ಬಂದಾಗ ದಾದಾಸಾಹೇಬ ಹೇಳಿದ: "ಒಂದೊಂದ ಕೂದಲ ಎಳೀಬ್ಯಾಡ್ರಿ. ಮೊದಲ ಮುದ್ದಿ ನೋಡ್ರಿ. ಜಗ್ಗಿದಾಗ ನೆತ್ತಿ ಚರ್ಮ ಹೆಂಗ ಏಳತೈತಿ, ಅದು ಗೊತ್ತಾಗಬೇಕು."

ಅವಳು ಎರಡು ಕೈಯಿಂದ ತುರುಬು ಬಿಚ್ಚಿದಳು. ಸೊಂಟದವರೆಗೆ ಇಳಿದ, ನರೆತ ಕೂದಲು. ಎಡಗಿವಿಯ ಮೇಲೆ ಅಂಗೈಯಗಲ ಜಾಗದಲ್ಲಿ ಏನೂ ಇರಲಿಲ್ಲ. ನುಣ್ಣನೆಯ, ಮಿರುಗುವ ಬೋಳು ಚರ್ಮ.

"ಬೇರ ಸಮೇತ ಬಂದಿತ್ತು," ಎಂದಳು. "ಬೆರಳ ಬಿದ್ದದ್ದು ಎಲ್ಲಾರೂ ನೋಡಿದ್ರು. ಬೆರಳಿನ್ಯಾಗ ಇದು ಇತ್ತು, ಅದನ್ನ ಯಾರೂ ನೋಡ್ಲಿಲ್ಲ. ಹೊಸ್ತಿಲದಿಂದ ಕಟ್ಟೀತನಕ ಅರವತ್ತ ಹೆಜ್ಜಿ. ಆಮ್ಯಾಲ ನಾ ಅಳದೇನಿ. ಅರವತ್ತ ಹೆಜ್ಜಿಗೆ ಎಷ್ಟ ಮನಿ ಅದಾವ ಗೊತ್ತೇನ? ಹದಿನಾಲ್ಕ. ವಾಸ್ತುಶಾಂತಿಗೆ ಆ ಹದಿನಾಲ್ಕೂ ಮನಿಯವ್ರು ಬರ್ತಾರ. ಬಂದು ನೋಡ್ಲಿ."

ಮತ್ತೆ ತುರುಬು ಕಟ್ಟಿದಳು. "ಬರಿ ಈಗ. ತೋರಸು."

2010ರ ಅಕ್ಷಯ ತದಿಗೆಯ ದಿನ ವಾಸ್ತುಶಾಂತಿ. ಮನೆ ಅವಳದು, ಕಟ್ಟಿಸಿದವಳು ಅವಳು, ಆದರೆ ಪೂಜೆಗೆ ಗಂಡ ಸತ್ತವಳು ಕೂಡುವಂತಿಲ್ಲ. ಜೋಡಿ ಬೇಕು, ಮನೆತನದ ಹಿರಿಯ ಜೋಡಿ. ಎಂದರೆ ಭೀಮಸಿ ಮತ್ತು ಅವನ ಹೆಂಡತಿ. ವಿಶಾಲನ ಹಲ್ಲಿಗೆ ಲಗಮಣ್ಣನ ತಲೆ ಸಮವೆಂದು ಹಿರಿಯರು ರಾಜಿ ಮಾಡಿಸಿ ಒಪ್ಪಿಸಿದ್ದರು. ಶಿವಗಂಗವ್ವ ಒಂದು ಮಾತಾಡದೆ ಒಪ್ಪಿದ್ದು ಕಂಡು ಊರು ಬೆರಗಾಗಿತ್ತು. ದಾದಾಸಾಹೇಬ ಬೆರಗಾಗಲಿಲ್ಲ. ಅವಳ ಎಣಿಕೆ ಅವನಿಗೆ ಗೊತ್ತಿತ್ತು. ಪೂಜೆಗೆ ಕೂತವನು ಬಲಗೈಯಿಂದಲೇ ಹೋಮಕ್ಕೆ ತುಪ್ಪ ಹಾಕಬೇಕು. ಅದೇ ಹೊತ್ತಿಗೆ ಎದುರಿನ ಗೋಡೆಯ ಪರದೆ ಸರಿಯಬೇಕು. ಕೆಳಗೆ ಆ ಕೈ, ಮೇಲೆ ಈ ಕೈ. ಪರದೆಯ ಹಗ್ಗ ಎಳೆಯುವ ಕೆಲಸ ದಾದಾಸಾಹೇಬನದು. ಚಿತ್ರ ಎತ್ತರದಲ್ಲಿತ್ತು, ಅದರ ಕೆಳಗೆ, ಪರದೆಯ ಹಿಂದೆಯೇ, ಹಿಂದಿನ ಕೋಣೆಗೆ ಬಾಗಿಲು. ಅವನು ಏಣಿಯ ಪಕ್ಕದಲ್ಲಿ, ಪರದೆಯ ಮರೆಯಲ್ಲಿ ನಿಂತಿದ್ದ.

ಪಡಸಾಲೆ ತುಂಬಿತ್ತು. ಭೀಮಸಿ ಮಣೆಯ ಮೇಲೆ ಕೂತ. ಒಂದು ವರ್ಷದಲ್ಲಿ ಇಳಿದು ಹೋಗಿದ್ದ, ಕೊರಳು ಅಂಗಿಯಲ್ಲಿ ಸಡಿಲವಾಗಿತ್ತು. ಪುರೋಹಿತರು ಕಂಕಣ ಕಟ್ಟಲು ಬಲಗೈ ಕೇಳಿದರು. ಅವನು ಸ್ವಲ್ಪ ತಡೆದ. ಆಮೇಲೆ ಟಾವೆಲು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟು, ಕೈಯನ್ನು ಎಲ್ಲರ ಮುಂದೆ ಚಾಚಿದ. ಇಪ್ಪತ್ತೊಂದು ವರ್ಷದಿಂದ ಬಿಸಿಲು ಕಾಣದ ಕೈ. ಮೈಗಿಂತ ಬೆಳ್ಳಗೆ, ಕೂಸಿನ ಅಂಗಾಲಿನಂತಿತ್ತು.

"ಇದ ನೋಡು, ಶಿವಗಂಗಿ ಕಡದದ್ದು," ಎಂದಳು ಹೆಂಗಸರ ಸಾಲಿನಲ್ಲಿ ಒಬ್ಬಳು, ಹೊಸದಾಗಿ ಬಂದ ಸೊಸೆಗೆ ತೋರಿಸುತ್ತ.

"ಎರಡೂ ಒಂದ ಏಟಿಗೇನ್ರಿ?"

"ಒಂದ ಏಟಿಗೆ. ಏನ ಹೆಂಗಸ ಅಂತಿ!"

"ಯಾಕ ಕಡದಿದ್ರು?"

"ಯಾರಿಗ ನೆನಪೈತಿ. ಹೊಲದ್ದ ಏನೋ ಜಗಳ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವ ಅದನ್ನು ಕೇಳಿದಳು. ದಾದಾಸಾಹೇಬ ಪರದೆಯ ಸಂದಿಯಿಂದ ಅವಳ ಮುಖ ನೋಡಿದ. ಸಿಟ್ಟು ಕಾಣಲಿಲ್ಲ. ಲಗಮಣ್ಣನ ಪಂಚೆಯನ್ನು ನೋಡಿದ್ದಳಲ್ಲ, ಹಾಗೆಯೇ ಭೀಮಸಿಯ ಕೈಯನ್ನು ನೋಡುತ್ತಿದ್ದಳು; ಅಂಚಿನಿಂದ ನಡುವಿನವರೆಗೆ. ಆಮೇಲೆ ಹಿಂದಿನ ಕೋಣೆಯ ಮೂಲಕ ಸುತ್ತಿ ಪರದೆಯ ಹಿಂದೆ ಬಂದಳು.

"ಮೈಬಣ್ಣ ಕಲಸು."

"ಈಗೇನ್ರಿ? ತುಪ್ಪ ಹಾಕೂ ಹೊತ್ತಾತು."

"ಕಲಸಂದ್ರ ಕಲಸು."

ಅವನು ಏಣಿಯ ಕೆಳಗಿದ್ದ ಪೆಟ್ಟಿಗೆಯಿಂದ ಬಿಳಿ, ಹಳದಿ, ಒಂದಿಷ್ಟು ಕೆಮ್ಮಣ್ಣು ಸೇರಿಸಿ ಎಣ್ಣೆಯಲ್ಲಿ ಕಲಸಿ ಕೊಟ್ಟ. ಅವಳು ಏಣಿ ಹತ್ತಿದಳು. ದುಶ್ಶಾಸನನ ಕೈಯಲ್ಲಿ, ಮೂರು ಬೆರಳಿನ ಪಕ್ಕದಲ್ಲಿ, ಉಂಗುರಬೆರಳನ್ನು ಬರೆದಳು. ಅದರ ಪಕ್ಕದಲ್ಲಿ ಕಿರುಬೆರಳನ್ನು ಬರೆದಳು. ಎರಡೂ ಕೂದಲಿನ ಸುತ್ತ ಬಿಗಿಯಾಗಿ ಮಡಚಿದವು. ಅವಳ ಕೈ ಒಮ್ಮೆಯೂ ಅಲುಗಲಿಲ್ಲ. ಈಗ ಅದು ಯಾರ ಕೈಯೂ ಆಗಿರಲಿಲ್ಲ.

ದಾದಾಸಾಹೇಬ ಏಣಿ ಹಿಡಿದು ಮೇಲೆ ನೋಡಿದ. ಎರಡು ವರ್ಷದ ಕೆಲಸ, ಒಡೆದ ತಲೆ, ಮುರಿದ ಕೈ, ಎಲ್ಲವೂ ಆ ಎರಡು ಬೆರಳಿನ ಜಾಗದಲ್ಲಿತ್ತು. "ಅಕ್ಕಾರ, ಹಿಂಗ್ಯಾಕ ಮಾಡಿದ್ರಿ? ಇನ್ನ ಯಾರಿಗೂ ಗುರ್ತ ಹತ್ತೂದಿಲ್ಲ."

"ಹಿಡದಾಗ ಐದೂ ಇದ್ದುವು," ಎಂದಳು ಅವಳು.

ಪರದೆಯ ಆಚೆ ಪುರೋಹಿತರು ತುಪ್ಪ ಹಾಕಲು ಹೇಳಿದರು. ದಾದಾಸಾಹೇಬ ಹಗ್ಗಕ್ಕೆ ಕೈ ಹಾಕಿದ. ಅವಳು ಇನ್ನೂ ಏಣಿಯ ಮೇಲಿದ್ದಳು.

"ತಡಿ," ಎಂದಳು, ಕುಂಚವನ್ನು ಸೆರಗಿನಲ್ಲಿ ಒರೆಸುತ್ತ. "ಉಗುರಿಗೆ ಏನ ಹಚ್ಚಬೇಕ?"

"ಹಂಗ ಬಿಡ್ರಿ, ಕೆಳಗಿಂದ ಕಾಣೂದಿಲ್ಲ."

ಅವಳು ಕೈ ಚಾಚಿದಳು. ಅವನು ಎಲ್ಲಕ್ಕಿಂತ ಸಣ್ಣ ಕುಂಚವನ್ನು ಬಿಳಿಯಲ್ಲಿ ಅದ್ದಿ ಕೊಟ್ಟ. ಅವಳು ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು, ಎರಡೂ ಬೆರಳಿಗೆ ಒಂದೊಂದು ಉಗುರು ಬರೆದಳು.